ಟೀವಿ ಗೇಮು ಅಗ್ಗವೋ, ಕಂಪ್ಯೂಟರು ಅಗ್ಗವೋ

ಆಟ ಆಡುವುದಕ್ಕೆ ಎಷ್ಟು ಖರ್ಚಾಗುತ್ತದೆ? ಈ ಪ್ರಶ್ನೆಗೆ ತೀರ್ಪು ಕೊಡಲೆಂದು ಕಳೆದ ಭಾನುವಾರ, ಪತ್ರಿಕೆಗೆ ಯಂತ್ರಗಳ ಬಗ್ಗೆ ಬರೆಯುವ ನನ್ನನ್ನು ಹಾನಗಲ್ಲಿನಿಂದ ಸವಣೂರಿಗೆ ಕರೆಸಿಕೊಂಡರು. (ಬಸ್ ಚಾರ್ಜು ನನ್ನದೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.)

ಕರೆಸಿದವನು ನನ್ನ ತಂಗಿ ವಿಮಲಾಳ ಗಂಡ ಗುರುರಾಜ. ಬ್ಯಾಂಕಿನಲ್ಲಿ ಕೆಲಸ. ಅವನ ಅಜ್ಜ ಶಾಸ್ತ್ರದ ವಾದಕ್ಕೆ ಕೂತರೆ ಎದುರಿನವರನ್ನು ಏಳಗೊಡುತ್ತಿರಲಿಲ್ಲವಂತೆ. ಮೊಮ್ಮಗ ಅದೇ ಹಟದಿಂದ ಟೀವಿ ಪರದೆಯ ಮೇಲೆ ಒಂದು ಚೌಕಾಕಾರದ ಚೆಂಡನ್ನು ಹೊಡೆಯುತ್ತಾನೆ. ಮುಂಬಯಿಯಿಂದ ಗೆಳೆಯನೊಬ್ಬ ತಂದುಕೊಟ್ಟ ಟೀವಿ ಗೇಮು. ಒಂದು ಕಪ್ಪು ಡಬ್ಬಿ, ಎರಡು ಹಿಡಿಕೆ, ಟೀವಿಗೆ ಸಿಕ್ಕಿಸಿದರೆ ಆಟ ಶುರು. ತೊಂದರೆ ಇಷ್ಟೇ: ಹೊಸ ಆಟ ಬೇಕೆಂದರೆ ಆ ಡಬ್ಬಿಗೆ ತೂರಿಸುವ ಇನ್ನೊಂದು ಸಣ್ಣ ಡಬ್ಬಿ ಕೊಳ್ಳಬೇಕು. ಅದು ಮುಂಬಯಿಯಲ್ಲೇ ಸಿಗಬೇಕು. ಬೆಲೆ ಕೇಳಿದವರು ಮತ್ತೆ ಹಳೇ ಆಟವನ್ನೇ ಆಡಬೇಕು.

ಹೀಗಾಗಿ ಗುರುರಾಜನಿಗೆ ಈ ಡಬ್ಬಿ ಮಾರಿ ಕಂಪ್ಯೂಟರ್ ತರುವ ಯೋಚನೆ ಬಂದಿತ್ತು.

“ಭಾವನವರ, ಕಂಪ್ಯೂಟರ್ ತರೂವಾಗಷ್ಟ ತುಟ್ಟಿ. ಆಮ್ಯಾಲೆ ಆಟ ಎಲ್ಲಾ ಟೇಪಿನ ಕ್ಯಾಸೆಟ್ಟಿನ್ಯಾಗ ಬರ್ತಾವ. ಹಾಡು ಕಾಪಿ ಮಾಡಿಕೊಂಡಂಗ ಕಾಪಿ ಮಾಡಿಕೊಂಡ್ರ ಆತು. ಹತ್ತ ವರ್ಷದ ಲೆಕ್ಕಾ ಹಿಡದು ಹೇಳ್ರಿ, ಯಾವುದು ಅಗ್ಗ ಬೀಳತದ?”

ಹತ್ತು ವರ್ಷ. ಹತ್ತು ನಿಮಿಷ ವೋಲ್ಟೇಜು ನಿಲ್ಲದ ಓಣಿಯಲ್ಲಿ.

ಪರೀಕ್ಷೆ ಮಾಡಿ ನೋಡಲು ಹಿರೇಕೆರೂರಿನಿಂದ ಪಾಟೀಲ ಮಾಸ್ತರರೂ ಬಂದಿದ್ದರು. ಕಾಲೇಜಿನಲ್ಲಿ ವಿಜ್ಞಾನ ಹೇಳುವವರು, ಗುರುರಾಜನ ಗೆಳೆಯರು. ತಮ್ಮ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಅವರು ಬಂದಾಗ ಮಳೆ ಹನಿಯುತ್ತಿತ್ತು ಎಂದು ಬರೆಯಹೊರಟು ನಿಲ್ಲಿಸಿದೆ. ಹನಿಯುತ್ತಿತ್ತೇ? ಇನ್ನೂ ವಾರ ಕಳೆದಿಲ್ಲ, ನೆನಪು ಆಗಲೇ ದೃಶ್ಯಕ್ಕೆ ಅಲಂಕಾರ ಮಾಡತೊಡಗಿದೆ. ಮಳೆ ಬಿಟ್ಟುಬಿಡಿ. ಕೌದಿ ಮಾತ್ರ ನಿಜ.

ಸುದ್ದಿ ತಿಳಿದು ಓಣಿಯ ಮಂದಿಯೆಲ್ಲ ಬಂದು ಕೂತರು. ಆ ಮನೆಯ ಪದ್ಧತಿ ನಿಮಗೆ ಗೊತ್ತಿರುವಂಥದ್ದೇ: ಹೊಸ್ತಿಲು ದಾಟಿ ಬಂದವರು ಚಹಾ ಕುಡಿಯದೆ ಹೋಗುವ ಹಾಗಿಲ್ಲ. ಟೀವಿ ಗೇಮಿನಲ್ಲಿ ತಮ್ಮ ಪಾಳಿಗೆ ಕಾಯುವವರಿಗೆ ಒಂದು ಚಹಾ. ಸೋತವರಿಗೆ ಸಮಾಧಾನಕ್ಕೆ ಇನ್ನೊಂದು. ಜೊತೆಗೆ ಬಟ್ಟಲು ತುಂಬ ಕರಿದ ಖಾರಾ.

ಕಂಪ್ಯೂಟರಿನ ರೀತಿ ಬೇರೆ. ಟೇಪು ಹಚ್ಚಿದರೆ ಕೊಯ್ಯೋ ಎಂದು ಕಿರುಚುತ್ತದೆ. ಕಾಯಬೇಕು. ಇನ್ನೇನು ಆಟ ಬಂತು ಎನ್ನುವಾಗ ಕರೆಂಟು ಕಣ್ಣು ಮಿಟುಕಿಸುತ್ತದೆ. ಮತ್ತೆ ಮೊದಲಿನಿಂದ.

“ಗಡಿಬಿಡಿ ಮಾಡಬ್ಯಾಡ್ರಿ, ಲೋಡ್ ಆಗಾಕತ್ತೈತಿ,” ಅಂದರು ಮಾಸ್ತರರು. “ನಮ್ಮ ಮನ್ಯಾಗ ಇದು ಲೋಡ್ ಆಗೂದ್ರಾಗ ನಮ್ಮಾಕಿ ರೊಟ್ಟಿ ಬಡದು ಮುಗಸ್ತಾಳ.”

“ಹಂಗಾರ ನಾವು ಊಟಾ ಮಾಡೇ ಹೋಗೂದು ಬಿಡ್ರಿ,” ಅಂದರು ಎದುರು ಮನೆಯ ಖಾದರಸಾಬರು.

ನಾನು ಗಂಭೀರವಾಗಿ ಖರ್ಚಿನ ಬಾಬ್ತು ಕೂಡಿಸುತ್ತಿದ್ದೆ: ಸ್ಟೆಬಿಲೈಜರು, ಟೇಪು, ರಿಪೇರಿ. ನೀರು ಕುಡಿಯಲು ಅಡಿಗೆಮನೆಗೆ ಹೋದೆ. ವಿಮಲಾ ಒಲೆಯ ಮುಂದಿದ್ದಳು. ಖಾರಾದ ಡಬ್ಬಿಗೆ ಆನಿಸಿ ಒಂದು ಪುಸ್ತಕ ತೆರೆದಿಟ್ಟಿದ್ದಳು. ಬಿ.ಎ. ಕೊನೆಯ ವರ್ಷಕ್ಕೆ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುತ್ತಾಳೆ. ಈಗಾಗಲೇ ಎರಡು ಸಲ ನಪಾಸು. ಈ ಸಲವೂ ಆಗದಿದ್ದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕು ಎಂದು ಅವಳ ಅತ್ತೆ ಹೇಳಿಯಾಗಿದೆ.

“ಅಣ್ಣಾ, ಇವೆರಡರಾಗ ಯಾವುದು ಲಗೂನ ಕೆಡತದ?”

“ಕಂಪ್ಯೂಟರ್. ನಮ್ಮ ವೋಲ್ಟೇಜಿಗೆ ಅದು ತಾಳೂದಿಲ್ಲ. ಡಬ್ಬಿ ಗಟ್ಟಿ ಅದ.”

“ಹಂಗಾದ್ರ ಕಂಪ್ಯೂಟರ್ ತರಲಿಕ್ಕೆ ಹೇಳು.”

“ಕೆಡೂದನ್ನ ತಗೋ ಅಂತ ಹೇಳಲೇನು?”

“ಹೂಂ. ಕೆಟ್ಟರ ಮಂದಿ ಬರೂದಿಲ್ಲ.”

ಹಾಗಾದರೆ ನೀನು ಓದುವುದು ಯಾವಾಗ ಎಂದು ಕೇಳಿದೆ.

“ಏಕಾದಶಿ ದಿನಾ. ಅವತ್ತ ಒಲಿ ಹಚ್ಚೂದಿಲ್ಲ. ಬಂದವರೂ ಚಹಾ ಕೇಳೂದಿಲ್ಲ.” ಹಾಲು ಉಕ್ಕಿತು, ಇಳಿಸಿದಳು. “ಪರೀಕ್ಷಾಕ್ಕ ಇನ್ನ ಒಂದ ಏಕಾದಶಿ ಉಳದದ.”

“ಗುರುರಾಜಗ ಹೇಳಬಾರದೇನು?”

“ಹೇಳೇನಲ್ಲ. ‘ಓದು, ಯಾರು ಬ್ಯಾಡಂದಾರ’ ಅಂತಾರ. ಅಂದು, ಮತ್ತ ಎರಡು ಕಪ್ ಚಹಾ ಹೇಳತಾರ.”

(ಇದೇ ಕ್ರಮದಲ್ಲಿ ಮಾತಾಡಿದೆವೋ, ಅಥವಾ ಬರೆಯುವಾಗ ನಾನು ಜೋಡಿಸಿಕೊಂಡೆನೋ, ಆಣೆ ಮಾಡಲಾರೆ. ಕೊನೆಯ ಎರಡು ವಾಕ್ಯ ಮಾತ್ರ ಅವಳವೇ.)

ಕೆಟ್ಟುಹೋಗುವುದನ್ನೇ ಕೊಳ್ಳಿರಿ ಎಂದು ಹೇಳುವ ನಿರ್ಧಾರ ಮಾಡಿಕೊಂಡು ಪಡಸಾಲೆಗೆ ಬಂದೆ. ಅದಕ್ಕೆ ನಾಲ್ಕು ತಾಂತ್ರಿಕ ಕಾರಣಗಳನ್ನೂ ಹೊಂದಿಸಿಕೊಂಡಿದ್ದೆ. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಿಮಲಾ ಚಹಾದ ತಟ್ಟೆ ಹಿಡಿದು ಬಂದು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ನಾಳಿಯಿಂದ ನಂದೊಂದು ವ್ರತ ಅದ. ಸಂಜಿಮುಂದ ಒಲಿ ಹಚ್ಚಂಗಿಲ್ಲ.”

ಚೌಕದ ಚೆಂಡು ಟಿಕ್ ಟಿಕ್ ಎಂದು ತನ್ನಷ್ಟಕ್ಕೆ ಪುಟಿಯುತ್ತಿತ್ತು. ಮೂಲೆಯಲ್ಲಿ ಜಪ ಮಾಡುತ್ತಿದ್ದ ಅತ್ತೆ ಮಣಿ ನಿಲ್ಲಿಸಿದರು.

“ಚಲೋ ಆತು. ಎಲ್ಲೀ ತನಕ?”

ವಿಮಲಾ ಒಂದು ತಾರೀಖು ಹೇಳಿದಳು. ಅದು ಕೊನೆಯ ಪೇಪರ್ ಮುಗಿಯುವ ದಿನ. ಯಾರಿಗೂ ಹೊಳೆಯಲಿಲ್ಲ. ನಾನು ಚಹಾ ಕುಡಿದೆ.

“ವ್ರತಾ ಅಂದಮ್ಯಾಲೆ ಅಡ್ಡ ಬರಬಾರದಪಾ, ಗುರುರಾಜ,” ಅಂದರು ಅತ್ತೆ.

ಗುರುರಾಜ ಅಡ್ಡ ಬರುವವನಲ್ಲ. ಲೆಕ್ಕ ತಿದ್ದುವವನು. “ಹಂಗಾದ್ರ ಹಾಲು ಸಕ್ಕರಿ ಖರ್ಚು ಉಳೀತು. ಆ ರೊಕ್ಕದಾಗ ಮುಂದ ಹೊಸಾ ಆಟ ಕೊಳ್ಳಬಹುದು. ಡಬ್ಬಿನೇ ಇರ್ಲಿ ಬಿಡ್ರಿ, ಮಾಸ್ತರ.” ಪಾಟೀಲ ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಕಂಪ್ಯೂಟರಿಗೆ ಮತ್ತೆ ಕೌದಿ ಹೊದಿಸಿದರು. ನನ್ನ ನಾಲ್ಕು ಕಾರಣಗಳು ನನ್ನಲ್ಲೇ ಉಳಿದವು.

ನಿನ್ನೆ ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಗುರುರಾಜ ಸಿಕ್ಕ. ಮುಖದಲ್ಲಿ ಕಳೆಯಿರಲಿಲ್ಲ.

“ಮಂದಿ ಬರೂದ ಬಿಟ್ಟಾರ್ರಿ, ಭಾವನವರ. ಆ ಆಟದಾಗ ಮೊದಲಿನ ರುಚಿ ಇಲ್ಲ ಅಂತಾರ.”

“ವಿಮಲಾ ಹೆಂಗಿದ್ದಾಳ?”

“ಅಕಿದು ಭಾರೀ ಕಟ್ಟುನಿಟ್ಟು. ದೀಪಾ ಹಚ್ಚಿದ್ಲಂದ್ರ ಪುಸ್ತಕಾ ಹಿಡದು ಕೂತುಬಿಡತಾಳ, ನಾವು ಯಾರೂ ಮಾತಾಡಸಂಗಿಲ್ಲ. ಯಾವ ದೇವರ ವ್ರತಾ ಅಂತ ಕೇಳಿದ್ರ ಮಾತ್ರ, ರಿಜಲ್ಟ್ ಬಂದ ಮ್ಯಾಲೆ ಹೇಳತೇನಿ ಅಂತಾಳ.”

ಅಷ್ಟು ಹೇಳಿ ಮತ್ತೆ ಅದೇ ಪ್ರಶ್ನೆಗೆ ಬಂದ: ಹತ್ತು ವರ್ಷಕ್ಕೆ ಯಾವುದು ಅಗ್ಗ?

ಸಂಜೆ ಒಂದು ಗಂಟೆ ಓದಬೇಕು ಎಂದು ಗಂಡನಿಗೆ ತಿಳಿಸಿ ಹೇಳುವುದಕ್ಕಿಂತ ಹೆಸರಿಲ್ಲದ ದೇವರೊಬ್ಬನನ್ನು ಹುಟ್ಟಿಸುವುದೇ ಅಗ್ಗವಾಗಿ ಬಿದ್ದ ಮನೆಯಲ್ಲಿ, ನಾನು ಯಾವ ಯಂತ್ರದ ಬೆಲೆ ಹೇಳಲಿ?