ಪರಸಿ ಕಲ್ಲಿನ ಮೇಲೆ ಕಂಡ ಚುಕ್ಕೆ

ನನ್ನ ಕನ್ನಡಕದ ಗಾಜು ದಪ್ಪ. ಮದುವೆಯಾಗಿ ಜಹೀರಾಬಾದಿನ ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಅದನ್ನು ಅಂಗೈಯಲ್ಲಿಟ್ಟು ತೂಗಿ, "ಇದು ಕನ್ನಡಕ ಅಲ್ಲವ್ವಾ, ಸೋಡಾ ಬುಡ್ಡಿ" ಎಂದು ಅಕ್ಕಪಕ್ಕದವರ ಮುಂದೆ ಸಾರಿಬಿಟ್ಟಿದ್ದರು. ದೂರದ್ದು ನನಗೆ ಕಾಣುವುದಿಲ್ಲ, ನಿಜ. ಆದರೆ ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದರೆ ಎಂಥ ಸಣ್ಣ ವಸ್ತುವೂ ನನ್ನಿಂದ ತಪ್ಪಿಸಿಕೊಳ್ಳದು. ಸೂಜಿಗೆ ದಾರ ಪೋಣಿಸಲು, ತೊಗರಿಬೇಳೆಯ ಹರಳು ಆರಿಸಲು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಮನೆಯಲ್ಲಿ ನನ್ನನ್ನೇ ಕರೆಯುತ್ತಾರೆ. ಹಾಗೆ ಕರೆಯುವವರಲ್ಲಿ ಅತ್ತೆಯೇ ಮೊದಲಿಗರು. ಹೀಗಾಗಿ ನನಗೂ ಸ್ವಲ್ಪ ಜಂಬವಿತ್ತು.

ಮನೆಯ ಪಡಸಾಲೆಗೆ ಹೊಸ ಪರಸಿ, ಅಂದರೆ ನೆಲಹಾಸು ಕಲ್ಲು, ಹಾಕಿಸಬೇಕೆಂದು ತೀರ್ಮಾನವಾದಾಗ, ಕಲ್ಲು ಆರಿಸಲು ತಾಂಡೂರಿಗೆ ಹೋಗಬೇಕಾದವಳು ನಾನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲ. ಅತ್ತೆ, ನಾನು ಬೆಳಗಿನ ಬಸ್ಸು ಹಿಡಿದೆವು. ದಾರಿಯಲ್ಲಿ ನನ್ನ ಬಲಗಣ್ಣಿನ ಅಂಚಿನಲ್ಲಿ ಫಳಕ್ಕನೆ ಬೆಳಕು ಹೊಳೆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊಳೆಯಿತು. ಪಕ್ಕದ ಸೀಟಿನವರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಾರೆ ಅಂದುಕೊಂಡು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ತಿರುಗಿ ನೋಡಿದರೆ ಅವರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

ತಾಂಡೂರಿನಲ್ಲಿ ಪರಸಿ ಕೊಳ್ಳುವುದಕ್ಕೆ ಒಂದು ಕ್ರಮವಿದೆ. ಒಣಗಿದ ಕಲ್ಲನ್ನು ನಂಬಬಾರದು. ಬಿಸಿಲಿನಲ್ಲಿ ನಿಲ್ಲಿಸಿ ಒಂದು ಚೊಂಬು ನೀರು ಸುರಿಸಬೇಕು. ಆಗ ನಿಜವಾದ ಬಣ್ಣ, ಗೆರೆ, ಕಲೆ ಎಲ್ಲವೂ ಮೇಲೆ ಬರುತ್ತವೆ. ಅಂಗಡಿಯವರು ತಿಳಿಹಳದಿ ಹಾಸುಬಂಡೆಯೊಂದಕ್ಕೆ ನೀರು ಸುರಿದರು. ನಾನು ಕನ್ನಡಕ ತೆಗೆದು ಮೂಗನ್ನು ಕಲ್ಲಿಗೆ ತಾಗಿಸುವಷ್ಟು ಬಗ್ಗಿದೆ.

"ಚುಕ್ಕಿ ಅವಲ್ರಿ ಇದರಾಗ" ಎಂದೆ.

"ಎಲ್ಲಿ ಅವ ಅಕ್ಕೋರೆ? ಖಾಸ್ ಮಾಲ್ ಅದರಿ ಇದು."

"ಇಲ್ಲಿ ನೋಡ್ರಿ, ಕರೀ ಸಾಸಿವಿ ಚೆಲ್ಲಿದಂಗ ಅವ."

ಅವರು ನೋಡಿದರು. ಅತ್ತೆಯೂ ಬಗ್ಗಿ ನೋಡಿದರು. "ನನಗೇನೂ ಕಾಣವಲ್ದು. ಆದ್ರ ನಮ್ಮ ಸೊಸಿ ಕಣ್ಣಿಗಿ ಬಿದ್ದದ್ದು ಸುಳ್ಳಾಗಂಗಿಲ್ಲ, ಬ್ಯಾರೇದು ತೆಗೀರಿ" ಎಂದರು. ಊರ ಮುಂದೆಲ್ಲ ಸೋಡಾ ಬುಡ್ಡಿ ಎಂದವರ ಬಾಯಲ್ಲಿ ಈ ಮಾತು ಕೇಳಿ ನಾನು ಹಿಗ್ಗಿಹೋದೆ. ಬೇರೆ ಬಂಡೆ ಬಂತು, ಅದರಲ್ಲೂ ಚುಕ್ಕೆ. ಇನ್ನೊಂದು ಬಂತು, ಅದರಲ್ಲೂ. ಬಂಡೆ ಎತ್ತಿ ಎತ್ತಿ ಅಂಗಡಿಯ ಆಳುಗಳ ಮುಖ ಸಣ್ಣದಾಯಿತು. ಅಷ್ಟರಲ್ಲಿ ಮತ್ತೆ ಫಳಕ್ಕೆಂದಿತು.

"ನಿಮ್ಮ ಪಾಲಿಶ್ ಮಷಿನ್ನು ಕಿಡಿ ಹಾರಸಾಕತ್ತದ ನೋಡ್ರಿ" ಎಂದು ರೇಗಿದೆ.

"ಮುಂಜಾನಿಂದ ಕರೆಂಟೇ ಇಲ್ರಿ ಅಕ್ಕೋರೆ" ಎಂದರು ಅವರು, ಪಾಪ.

ಹಾಗಾದರೆ ಈ ಬೆಳಕು ಎಲ್ಲಿಯದು? ಬಲಗಣ್ಣು ಮುಚ್ಚಿದೆ. ಕಲ್ಲು ಕಡೆದಿಟ್ಟ ಬೆಣ್ಣೆಯ ಹಾಗೆ ಸ್ವಚ್ಛವಾಗಿತ್ತು. ಎಡಗಣ್ಣು ಮುಚ್ಚಿದೆ. ಸಾಸಿವೆ ಚೆಲ್ಲಿತು. ತಲೆಯೆತ್ತಿ ಆಕಾಶ ನೋಡಿದರೆ ಅಲ್ಲಿಯೂ ಅದೇ ಸಾಸಿವೆ, ಕಣ್ಣು ಹೊರಳಿದ ಕಡೆಗೆಲ್ಲ ಹಿಂದೆ ಹಿಂದೆ ಬರುತ್ತಿತ್ತು. ದಾರದ ತುಣುಕಿನಂಥ ಒಂದು ಗೆರೆ ನನ್ನ ಕಣ್ಣಿನಲ್ಲಿ ಚಿಕ್ಕಂದಿನಿಂದಲೂ ತೇಲುತ್ತದೆ. ಅದು ಹಳೆಯ ಪರಿಚಯ, ಅದರ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಇದು ಒಂದೇ ಬೆಳಗಿನಲ್ಲಿ ಬಂದಿಳಿದ ದಂಡು. ಕನ್ನಡಕದ ನಂಬರು ಹೆಚ್ಚಾದಾಗಲೊಮ್ಮೆ ಡಾಕ್ಟರು ಹೇಳಿದ್ದು ನೆನಪಾಯಿತು. ನಿಮ್ಮಂಥ ಕಣ್ಣಿನವರಿಗೆ ಒಮ್ಮೆಲೇ ಚುಕ್ಕೆ ಹೆಚ್ಚಾದರೆ, ಅಂಚಿನಲ್ಲಿ ಮಿಂಚಿದರೆ, ಒಂದು ಪಕ್ಕದಿಂದ ಪರದೆ ಎಳೆದಂತೆ ಕಪ್ಪಾದರೆ, ನೋವಿಲ್ಲ ಎಂದು ಸುಮ್ಮನೆ ಕೂರಬೇಡಿ, ಅದೇ ದಿನ ಬನ್ನಿ ಎಂದಿದ್ದರು. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ ಎಂದರೆ ಕಣ್ಣು ಚೆನ್ನಾಗಿದೆ ಎಂದೇ ನಾನು ತಿಳಿದುಕೊಂಡಿದ್ದೆ. ಎರಡೂ ಬೇರೆ.

ಅತ್ತೆಗೆ ಹೇಳಿದೆ.

"ನೋಯ್ತದೇನು?"

"ಇಲ್ರಿ."

"ಮತ್ತೇನು! ಕಲ್ಲು ಆರಿಸಿ ಮುಗಿಸು. ಮನಿಗಿ ಹೋಗಿ ಗುಲಾಬಿ ನೀರು ಹಾಕ್ತೀನಿ, ನಾಳಿ ನೋಡಾಮಿ."

"ಕಲ್ಲು ನಾಳಿನೂ ಕಲ್ಲೇ ಇರ್ತದ್ರಿ ಅತ್ತಿ. ಕಣ್ಣು ಇರ್ತದೋ ಇಲ್ಲೋ" ಎಂದೆ. ದನಿ ಸ್ವಲ್ಪ ಜೋರಾಯಿತು. ಅತ್ತೆಗೆ ನಾನು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಂಗಡಿಯವರ ಕಡೆ ತಿರುಗಿ, ತಪ್ಪೆಲ್ಲ ಅವರದೇ ಎಂಬಂತೆ, "ನಿಂತೀರೇನ್ರಿ? ಆಟೋ ಕರೀರಿ!" ಎಂದರು.

ತಾಂಡೂರಿನ ಕಣ್ಣಿನ ಡಾಕ್ಟರು ಔಷಧದ ಹನಿ ಹಾಕಿ, ಪಾಪೆ ಅರಳಿದ ಮೇಲೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ದೂರದೃಷ್ಟಿ ಮಂದವಿರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಅದಕ್ಕೆ ಕಣ್ಣಿನ ಒಳಪರದೆ, ಅಂದರೆ ರೆಟಿನಾ, ಹಿಗ್ಗಿ ತೆಳ್ಳಗಾಗಿ ಕೆಲವರಿಗೆ ಹರಿಯುತ್ತದೆ ಎಂದು ವಿವರಿಸಿದರು.

"ಹಿಟ್ಟು ಕಡಿಮಿ ಇದ್ದಾಗ ರೊಟ್ಟಿ ದೊಡ್ಡದು ಬಡದ್ರ ಅಂಚು ಹರೀತದಲ್ರಿ, ಹಂಗೇನು?" ಎಂದು ಅತ್ತೆ ಕೇಳಿದರು.

"ಹಂಗೇ ಅಮ್ಮಾ" ಎಂದರು ಡಾಕ್ಟರು. "ಹರದದ, ಕಿತ್ತು ಬಂದಿಲ್ಲ. ಇವತ್ತೇ ಹೈದರಾಬಾದಿಗಿ ಹೋಗಿ ಲೇಸರ್ ಹಾಕಿಸ್ರಿ. ತಡ ಮಾಡಿದ್ರ ಪರದೆ ಕಿತ್ತು ಬಂದು ನೋಟ ಹೋಗಬಹುದು."

ಗಂಡನಿಗೆ ಫೋನು ಮಾಡಿದೆವು, ನೇರವಾಗಿ ಅಲ್ಲಿಗೇ ಬರುತ್ತೇನೆ ಎಂದರು. ರೈಲಿನಲ್ಲಿ ಅತ್ತೆ ನನ್ನ ಕೈಗೆ ಬಾಳೆಹಣ್ಣು ಕೊಟ್ಟು ಎದುರು ಸೀಟಿನವರಿಗೆಲ್ಲ ರೊಟ್ಟಿಯ ಅಂಚಿನ ಕಥೆ ಹೇಳುತ್ತ ಬಂದರು. ಇಳಿಯುವ ಹೊತ್ತಿಗೆ ಅವರೇ ಅರ್ಧ ಡಾಕ್ಟರಾಗಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೊಳಗೇ ಒಂದು ಪಕ್ಕದಿಂದ ಕತ್ತಲು ಬರುತ್ತಿದೆಯೇ ಎಂದು ಹೆದರಿ ಹೆದರಿ ನೋಡಿಕೊಳ್ಳುತ್ತಿದ್ದೆ.

ಗಂಡ ಬಂದು ಮುಟ್ಟುವ ಮೊದಲೇ ಲೇಸರ್ ಕೆಲಸ ಮುಗಿಯಿತು. ಹರಿದ ಜಾಗದ ಸುತ್ತ ಬೆಸುಗೆ ಹಾಕಿದ್ದೇವೆ, ತಪಾಸಣೆಗೆ ಬರುತ್ತಿರಬೇಕು ಎಂದು ಹೇಳಿ ಹೊರಗೆ ಕೂರಿಸಿದರು. ನಾನು ತಡೆಯಲಾರದೆ ಎಡಗಣ್ಣು ಮುಚ್ಚಿ ನೋಡಿದೆ. ಎಲ್ಲ ಕಪ್ಪುಗೆಂಪು. ಬೆಳಕಿನ ಹೊಡೆತಕ್ಕೆ ಸ್ವಲ್ಪ ಹೊತ್ತು ಹಾಗಿರುತ್ತದೆ ಎಂದು ಮೊದಲೇ ಹೇಳಿದ್ದರು. ಆದರೂ ಅತ್ತೆಯ ಕಡೆ ತಿರುಗಿದೆ.

"ಅತ್ತಿ, ಏನೂ ಕಾಣವಲ್ದು" ಎಂದೆ.

ಅವರು ಪಕ್ಕಕ್ಕೆ ಬಂದು ಕೂತು ನನ್ನ ಎರಡೂ ಕೈ ಹಿಡಿದುಕೊಂಡರು. ಎಷ್ಟೋ ಹೊತ್ತಿನ ಮೇಲೆ ಕೆಂಪು ತಿಳಿಯಾಗತೊಡಗಿತು. ಮೊದಲು ಅತ್ತೆಯ ಹಣೆಯ ವಿಭೂತಿ ಬೆಳ್ಳಗೆ ಕಂಡಿತು. ಆಮೇಲೆ ಮೂಗುತಿ. ಆಮೇಲೆ ಇಡೀ ಮುಖ, ಗಲ್ಲದ ತನಕ ಒದ್ದೆ.

"ಅಳಾಕತ್ತೀರೇನ್ರಿ?"

"ನಿನಗ ಕಾಣಸ್ತದೇನು?"

"ಕಾಣಸ್ತದ್ರಿ."

"ಹಂಗಾದ್ರ ಆ ಕಡಿ ನೋಡು" ಎಂದು ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.