ಪೆಡಲ್ ಒತ್ತಲು ಒಬ್ಬರು ಬೇಕಿತ್ತು

ಗೆಳೆಯರೇ, ಕಾರಿನ ಬ್ರೇಕ್ ಪೈಪಿನಿಂದ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಸ್ಕ್ರೂ ಸಡಿಲಿಸಬೇಕು. ಜಪಾನಿನ ಈ ಸಗಮಿಹಾರಾ ಊರಲ್ಲಿ ನಾನು ಒಬ್ಬನೇ.

ಮುಂದಿನ ತಿಂಗಳು ರೇಸ್ ಟ್ರ್ಯಾಕಿನಲ್ಲಿ ಓಡಿಸಬೇಕೆಂದು ನನ್ನ ಇಪ್ಪತ್ತೈದು ವರ್ಷ ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಬ್ರೇಕ್ ಪ್ಯಾಡ್, ಹೊಸ ಪೈಪು ಹಾಕಿದ್ದೆ. ಇವತ್ತು ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಪೆಡಲ್ ಒತ್ತಿಹಿಡಿಯಲು ಅದಕ್ಕೊಂದು ಕೊಡೆ ಆನಿಸಿ, ಸೀಟಿಗೂ ಚಕ್ರಕ್ಕೂ ಓಡಾಡುತ್ತಿದ್ದೆ. ಕೆಳಗಿನ ಮನೆಯ ಓನೋ-ಸಾನ್ ಬಂದರು. ಎಪ್ಪತ್ತು ದಾಟಿದ ಹೆಂಗಸು. ತಪ್ಪು ದಿನ ಕಸ ಇಟ್ಟರೆ ಚೀಟಿ ಅಂಟಿಸುವವರು ಇವರೇ.

"ಇಲ್ಲಿ ಗಾಡಿ ರಿಪೇರಿ ಮಾಡೋ ಹಾಗಿಲ್ಲ."

"ಸುಮಿಮಾಸೆನ್, ಕ್ಷಮಿಸಿ, ಇನ್ನು ಅರ್ಧ ಗಂಟೆ ಅಷ್ಟೇ."

ಅವರು ಕೊಡೆಯನ್ನೇ ನೋಡಿದರು. "ಒತ್ತೋಕೆ ಯಾರೂ ಇಲ್ವಾ?"

"ಇಲ್ಲ."

ಅವರು ಚಪ್ಪಲಿ ಬಿಚ್ಚಿ ಕಾರಿನ ಹೊರಗೆ ಒಪ್ಪವಾಗಿ ಜೋಡಿಸಿಟ್ಟು, ಡ್ರೈವರ್ ಸೀಟಿನಲ್ಲಿ ಕೂತರು.

"ಒತ್ತಿ" ಅಂದೆ. "ಒತ್ತಿದೆ" ಅಂದರು. "ಬಿಡಿ." "ಬಿಟ್ಟೆ." ನಾಲ್ಕು ಚಕ್ರಕ್ಕೂ ಇದೇ ಮಾತು. ಆಫೀಸಿನ ಹೊರಗೆ ನಾನು ಯಾರ ಜೊತೆಗಾದರೂ ಇಷ್ಟು ಮಾತಾಡಿ ಮೂರು ವಾರವಾಗಿತ್ತು.

ಇಳಿದು ಚಪ್ಪಲಿ ಮೆಟ್ಟಿಕೊಂಡು, "ಇನ್ನೊಂದ್ಸಲ ಇಲ್ಲಿ ಮಾಡ್ಬೇಡಿ. ಮುಗೀತಲ್ಲ?" ಅಂದರು.

"ಹಿಂದಿನ ಎಡಗಡೆ ಬ್ರೇಕಲ್ಲಿ ಇನ್ನೂ ಸ್ವಲ್ಪ ಗಾಳಿ ಇದೆ ಅನ್ಸುತ್ತೆ."

"ಹಾಗಾದ್ರೆ ಮುಂದಿನ ಭಾನುವಾರ, ಹತ್ತು ಗಂಟೆಗೆ."

ನಿಜ ಹೇಳಬೇಕೆಂದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಗಾಳಿಯ ಒಂದು ಗುಳ್ಳೆಯೂ ಉಳಿದಿಲ್ಲ.