ಮುಕ್ಕುಂದದ ರಾಶಿಗೆ ಕಾದ ಪಾಠ

ಮೊನ್ನೆ ಸ್ಮಾರ್ಟ್ ಕ್ಲಾಸಿನ ಟಿವಿಯ ಮೇಲೆ ಕೂತ ಸೀಮೆಸುಣ್ಣದ ಧೂಳು ಒರೆಸಲು ಏನೂ ಸಿಗದೆ, ಆಫೀಸಿನ ಕಪಾಟಿನಲ್ಲಿ ಉಳಿದಿದ್ದ ಹಳೆಯ ಸ್ಯಾನಿಟೈಜರ್‌ನಲ್ಲಿ ಬಟ್ಟೆ ಒದ್ದೆ ಮಾಡಿಕೊಂಡೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಗಣಿತದ ಸರ್ ಎದುರಿಗೆ ಬಂದು ನಿಂತಂತಾಯಿತು. ಕೊರೊನಾ ವರ್ಷ ಅವರು ಡಸ್ಟರ್ ಮುಟ್ಟುವ ಮುಂಚೆ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಕೈಗೆ ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಅಷ್ಟು ಜಾಗ್ರತೆಯ ಮನುಷ್ಯ... ಇರಲಿ.

ನಾನು ಮಸ್ಕಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಗಣಿತ ಅಂದರೆ ನಾನು ಹತ್ತನೆಯ ಕ್ಲಾಸು ಓದುವಾಗಿನಿಂದಲೂ ಎದೆ ಡವಡವ. ಸರ್ ಮುಕ್ಕುಂದದವರು, ಸಿಂಧನೂರಿನಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಶಾಲೆ ಮುಚ್ಚಿದಾಗ ಪಾಠಗಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಮಕ್ಕಳ ವಾಟ್ಸಾಪ್‌ಗೆ ಹಾಕಬೇಕೆಂದಾಯಿತು. ಮೊಬೈಲು ಹಿಡಿಯಲು ನನ್ನನ್ನು ಕರೆದರು. ಖಾಲಿ ಬೆಂಚುಗಳ ಮುಂದೆ ನಿಂತವರು ಬಾಯಿ ತೆರೆದು ಮತ್ತೆ ಮುಚ್ಚಿದರು.

"ಗ್ವಾಡಿಗೆ ಪಾಠ ಮಾಡು ಅಂದ್ರ ಹ್ಯಾಂಗ್ ಮಾಡ್ಲಿರೀ ಮೇಡಂ? ಮೊಬೈಲ್ ಆ ಇಟ್ಟಿಗಿ ಮ್ಯಾಲಿಟ್ಟು ನೀವು ಬೆಂಚಿನ್ಯಾಗ ಕುಂದರ್ರಿ. ನಿಮಗ ತಿಳೀತಂದ್ರ ಎಲ್ಲಾರಿಗೂ ತಿಳೀತೈತಿ."

ಇದು ಹೊಗಳಿಕೆಯಲ್ಲ ಅಂತ ಗೊತ್ತಾಯಿತು, ಸಿಟ್ಟೂ ಬಂತು. ಆದರೂ ಕುಳಿತೆ.

ಅವರು ವರ್ಗ ಸಮೀಕರಣ ಬಿಡಿಸುತ್ತ ನಡುನಡುವೆ "ತಿಳೀತಾ?" ಎಂದು ನಿಲ್ಲುತ್ತಿದ್ದರು. ನಾನು ಹೂಂ ಅಂದರೆ ಮುಖ ನೋಡಿಯೇ ಸುಳ್ಳು ಹಿಡಿಯುತ್ತಿದ್ದರು. ಕೊನೆಗೆ ನಾಚಿಕೆ ಬಿಟ್ಟು "ತಿಳೀಲಿಲ್ರೀ ಸರ್" ಎನ್ನುವುದನ್ನು ಕಲಿತೆ. ಅವರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. "ತಪ್ಪು ನಿಮ್ಮದಲ್ರೀ, ನಂದು. ಮತ್ತ ಮೊದ್ಲಿಂದ ಬರ್ತೀನಿ" ಎಂದು ಬೋರ್ಡು ಒರೆಸುತ್ತಿದ್ದರು. ಆ ಮಾತೂ ನನ್ನ ದಡ್ಡತನವೂ ವಿಡಿಯೊದಲ್ಲಿ ಹಾಗೆಯೇ ಉಳಿದವು. ಕತ್ತರಿಸಿ ಜೋಡಿಸುವುದು ನಮ್ಮಿಬ್ಬರಿಗೂ ಬರುತ್ತಿರಲಿಲ್ಲ.

ಹೀಗೆ ಪುಸ್ತಕವೆಲ್ಲ ಮುಗಿದು ಕೊನೆಗೆ ಘನಫಲದ ಪಾಠವೊಂದೇ ಉಳಿಯಿತು. ಅದನ್ನೂ ಮುಗಿಸಿಬಿಡೋಣ ಎಂದೆ.

"ಇದೊಂದು ಇಲ್ಲಿ ಬ್ಯಾಡ್ರೀ. ಬ್ಯಾಸಗಿ ಭತ್ತ ಕೊಯ್ಲಿಗೆ ಬರ್ಲಿ, ನಮ್ಮ ಮುಕ್ಕುಂದಕ್ಕ ಹೋಗೋಣು. ಶಂಕು ಅಂದ್ರ ಏನಂತ ಗೆರಿ ಎಳದು ಯಾಕ ತೋರಸ್ಬೇಕು? ರಾಶೀನೇ ಐತಿ. ನಮ್ಮ ಸಾಲಿಗೆ ಬರೋ ಈ ಪಾಮನಕಲ್ಲೂರ ಕಡಿ ಒಣಭೂಮಿ ಹುಡುಗ್ರು ಭತ್ತದ ರಾಶಿ ಎಲ್ಲಿ ನೋಡ್ಯಾರ?"

ಭತ್ತ ಇನ್ನೂ ಹಸಿರಿರುವಾಗಲೇ ಸರ್‌ಗೆ ಜ್ವರ ಬಂತು. ಹೆಂಡತಿಯ ತವರು ಲಿಂಗಸೂಗೂರು, ಅಲ್ಲಿಯ ದವಾಖಾನೆಗೆ ಸೇರಿಸಿದರು. ತಿರುಗಿ ಬರಲಿಲ್ಲ. ಕೊನೆಗೊಮ್ಮೆ ಮುಖ ನೋಡುವುದೂ ನಮಗೆ ಆಗಲಿಲ್ಲ... ಮುಕ್ಕುಂದದಲ್ಲಿ ಆ ವರ್ಷವೂ ರಾಶಿ ಹಾಕಿರಬೇಕು. ಹೋಗಿ ನೋಡುವ ಮನಸ್ಸು ನನಗಾಗಲಿಲ್ಲ.

ಅವರ ಜಾಗಕ್ಕೆ ಬಂದವರು ವರ್ಗ ಮಾಡಿಸಿಕೊಂಡು ಹೋದರು. ಈ ವರ್ಷ ಯಾರೂ ಇಲ್ಲ, ಗಣಿತದ ಪಿರಿಯಡ್ಡೂ ನನ್ನ ತಲೆಗೇ ಬಂದಿದೆ. ಹಾಜರಿ ಮೊಬೈಲಿನಲ್ಲಿ, ಬಿಸಿಯೂಟದ ಫೋಟೊ ಮೊಬೈಲಿನಲ್ಲಿ, ನೆಟ್‌ವರ್ಕ್ ಮಾತ್ರ ಶಾಲೆಯ ಹಿಂದಿನ ಬೇವಿನ ಮರದ ಬುಡದಲ್ಲಿ. ಸಾಕಾಗಿಹೋಗಿದೆ ನನಗೆ. ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿ ಸರ್ ಅವರ ಪಾಠ ಹಚ್ಚಿ ಹಿಂದಿನ ಬೆಂಚಿನಲ್ಲಿ ಕೂಡುತ್ತೇನೆ. ಅವರನ್ನು ಎಂದೂ ಕಾಣದ ಮಕ್ಕಳು, ಅವರು "ತಿಳೀತಾ?" ಎಂದು ನಿಂತಾಗ ಒಟ್ಟಿಗೇ "ಹೂಂನ್ರೀ ಸರ್" ಎನ್ನುತ್ತಾರೆ. ನನ್ನ ದನಿ ಬಂದಾಗ ಮಾತ್ರ ಕಿಸಿಕಿಸಿ ನಗು.

"ಮೇಡಂ, ನಿಮಗ ಇಷ್ಟೂ ಬರ್ತಿದ್ದಿಲ್ಲೇನ್ರೀ?" ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು.

"ಇಲ್ಲವ್ವಾ. ಈಗೂ ಅಷ್ಟಕ್ಕಷ್ಟೇ."

ಟಿವಿ ಒರೆಸಿದ ದಿನವೇ ವಿಡಿಯೊಗಳೆಲ್ಲ ಮುಗಿದವು. "ಮುಂದಿಂದು ಹಚ್ರೀ ಮೇಡಂ" ಎಂದರು ಮಕ್ಕಳು. ಮುಂದಿನದು ಎಲ್ಲಿಂದ ತರಲಿ? ಪರೀಕ್ಷೆ ತಲೆಯ ಮೇಲೆ ಬಂದಿದೆ. ಉಳಿದ ಆ ಘನಫಲದ ಪಾಠದ ಅಂಕ ಕೈಬಿಟ್ಟರೆ ಪಾಸಿನ ಅಂಚಿನಲ್ಲಿ ತೂಗಾಡುತ್ತಿರುವವರು ಫೇಲಾಗುತ್ತಾರೆ, ಅವರಲ್ಲಿ ಆ ಹುಡುಗಿಯೂ ಒಬ್ಬಳು. ಬೇವಿನ ಮರದ ಬುಡಕ್ಕೆ ಹೋಗಿ ಇಂಟರ್‌ನೆಟ್‌ನಲ್ಲಿ ಯಾರದೋ ಪಾಠ ಹುಡುಕಿ, ಇಳಿಸಿಕೊಂಡು ಬಂದು ಹಚ್ಚಿದೆ. ಬಣ್ಣಬಣ್ಣದ ಶಂಕು ಗಿರಗಿರ ತಿರುಗಿತು, ಸೂತ್ರ ಬಂತು, ಮುಗಿದೇಹೋಯಿತು. ತಿಳೀತಾ ಎಂದು ಯಾರೂ ಕೇಳಲಿಲ್ಲ. ಮಕ್ಕಳು ತಿರುಗಿ ನನ್ನ ಮುಖ ನೋಡಿದರು.

ನಿನ್ನೆ ಟಿವಿ ಹಚ್ಚಲಿಲ್ಲ. ಬಿಸಿಯೂಟದ ಅಡುಗೆಯಮ್ಮನಿಂದ ಅಕ್ಕಿ ಇಸಿದುಕೊಂಡು, ಮೇಜಿನ ಮೇಲೆ ಪೇಪರು ಹಾಸಿ ನಿಧಾನವಾಗಿ ಸುರಿದೆ. ಪುಟ್ಟ ರಾಶಿಯಾಯಿತು. ಇದು ಎತ್ತರ, ಕೆಳಗೆ ಹರಡಿದ್ದರ ಅರ್ಧ ಅಗಲ ತ್ರಿಜ್ಯ ಎಂದು, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. "ತಿಳೀತಾ?" ಎಂದು ನಿಂತೆ.

"ತಿಳೀಲಿಲ್ರೀ ಮೇಡಂ" ಎಂದಳು ಅದೇ ಹುಡುಗಿ.

ಸರ್ ಏನಾದರೂ ಹೇಳುತ್ತಾರೆಂದು ನಾನು ಟಿವಿಯ ಕಡೆ ತಿರುಗಿದೆ. ಈ ಪಾಠಕ್ಕೆ ಸರ್ ಇಲ್ಲ ಎನ್ನುವುದು ಆಮೇಲೆ ನೆನಪಾಯಿತು. ಅಕ್ಕಿಯನ್ನು ಕೈಯಿಂದ ಹರಡಿ ಸಮ ಮಾಡಿದೆ.

"ತಪ್ಪು ನಿಂದಲ್ಲವ್ವಾ, ನಂದು" ಎಂದೆ. "ಮತ್ತ ಮೊದ್ಲಿಂದ ಬರ್ತೀನಿ."